ಅಳಿವೆಯಿಂದ ಕಾಣುವ ದೀಪ

ನಮ್ಮ ಅಪ್ಪನಿಗೆ ರೊಸಾರಿಯೊ ಚರ್ಚಿನ ಒಳಗೆ ಏನಿದೆ ಅಂತ ಗೊತ್ತಿರಲಿಲ್ಲ. ಅದರ ಗುಮ್ಮಟದ ಮೇಲಿನ ಶಿಲುಬೆ ಮಾತ್ರ ಚೆನ್ನಾಗಿ ಗೊತ್ತಿತ್ತು. ರಾತ್ರಿ ಆ ಶಿಲುಬೆಗೆ ದೀಪ ಹಾಕುತ್ತಾರೆ. ಕಡಲಿನಿಂದ ದೋಣಿ ತಿರುಗಿಸಿಕೊಂಡು ಬರುವಾಗ ಮಂಗಳೂರು ಅಂದರೆ ಅಪ್ಪನ ಪಾಲಿಗೆ ಮೊದಲು ಆ ದೀಪ, ಆಮೇಲೆ ಊರು. ಅದು ಇಂಥ ಕಡೆ ಕಂಡರೆ ಅಳಿವೆ ಬಾಗಿಲು ಇಂಥ ಕಡೆ, ಇನ್ನು ಇಷ್ಟು ಹೊತ್ತಿಗೆ ಮನೆ ಅಂತ ಲೆಕ್ಕ.

ನಮ್ಮದು ಬೆಂಗ್ರೆ. ಒಂದು ಬದಿ ಅರಬ್ಬಿ ಸಮುದ್ರ, ಇನ್ನೊಂದು ಬದಿ ಹೊಳೆ, ನಡುವೆ ಉದ್ದಕ್ಕೆ ಮರಳಿನ ಪಟ್ಟಿ. ಪೇಟೆಗೆ ಹೋಗಬೇಕಾದರೆ ಫೆರಿ ಹತ್ತಿ ಬಂದರಿನಲ್ಲಿ ಇಳಿಯಬೇಕು. ಹೈಸ್ಕೂಲಿಗೆ ಎಲ್ಲಿ ಹಾಕೋಣ ಅಂತ ಮನೆಯಲ್ಲಿ ಮಾತು ಬಂದಾಗ ಅಪ್ಪ ಜಾಸ್ತಿ ಯೋಚನೆ ಮಾಡಲಿಲ್ಲ. "ಆ ದೀಪದ ಚರ್ಚಿನ ಪಕ್ಕ ಶಾಲೆ ಉಂಟಲ್ಲ, ಅಲ್ಲಿಗೇ ಹೋಗಲಿ" ಅಂದರು. ಯಾವ ಶಾಲೆಯ ರಿಸಲ್ಟ್ ಎಷ್ಟು, ಫೀಸು ಎಷ್ಟು ಅಂತ ಕೇಳಿದವರಲ್ಲ. ರಾತ್ರಿ ದಾರಿ ತೋರಿಸುವ ಜಾಗ, ಹಗಲು ಮಕ್ಕಳಿಗೂ ತೋರಿಸುತ್ತದೆ ಅಂತ ನಂಬಿದ್ದರು.

ಹಾಗೆ ನಾನು ರೊಸಾರಿಯೊ ಶಾಲೆಗೆ ಸೇರಿದೆ. 1980ರ ದಶಕ ಅದು. ಬೆಳಿಗ್ಗೆ ಫೆರಿ ಇಳಿದು ಬಂದರಿನ ಹಳೆಯ ಗೋದಾಮುಗಳ ನಡುವೆ ನಡೆಯಬೇಕು. ಒಣಮೆಣಸು, ಕೊಬ್ಬರಿ, ಒಣಮೀನು, ಡೀಸೆಲ್, ಎಲ್ಲದರ ವಾಸನೆ ಒಂದರ ಮೇಲೊಂದು. ಮಳೆಗಾಲದಲ್ಲಿ ಪುಸ್ತಕಗಳನ್ನು ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ಎದೆಗೆ ಒತ್ತಿ ಹಿಡಿದಿರುತ್ತಿದ್ದೆ. ಪಾಂಡೇಶ್ವರದ ಕಡೆ ತಿರುಗಿದರೆ ಮನೆಗಳ ಮೇಲೆ ಗುಮ್ಮಟ ಕಾಣುತ್ತಿತ್ತು. ಗುಮ್ಮಟ ಕಂಡರೆ ನಡಿಗೆ ತಾನಾಗಿ ಜೋರಾಗುತ್ತಿತ್ತು.

ಚರ್ಚಿನ ಜಾಗ ಬೋಳಾರ. ಹೊರ ಊರಿನವರು ಇದನ್ನು ಬೋಳೂರು ಅಂತ ತಿಳಿಯುವುದುಂಟು. ಬೋಳೂರಿನಲ್ಲಿ ಇರುವುದು ಸುಲ್ತಾನ್ ಬತ್ತೇರಿ. ಇದು ಮಂಗಳಾದೇವಿ ದೇವಸ್ಥಾನ ಇರುವ ಬೋಳಾರ. 

ಕಳೆದ ವರ್ಷ ಅಣ್ಣನ ಮಗಳು ಫೋನ್ ಮಾಡಿ, "ರೊಸಾರಿಯೊ ಚರ್ಚಿಗೆ ಎಷ್ಟು ವರ್ಷ ಆಯ್ತು? ಪ್ರಾಜೆಕ್ಟಿಗೆ ಬೇಕು" ಅಂದಳು. 1568 ಅಂತ ಹೇಳಿ ಫೋನ್ ಇಟ್ಟೆ. ಆಮೇಲೆ ಸಮಾಧಾನ ಆಗಲಿಲ್ಲ. ಅವಳು ಆ ಉತ್ತರ ಬರೆದುಕೊಂಡು ಬಂದು ಕಟ್ಟಡ ನೋಡಿದರೆ, ಈ ಗೋಡೆ 450 ವರ್ಷ ಹಳೆಯದು ಅಂದುಕೊಳ್ಳುತ್ತಾಳೆ. ಅದು ನಿಜ ಅಲ್ಲ. ಈಗ ನಿಂತಿರುವ ಕಟ್ಟಡಕ್ಕೆ ನೂರು ವರ್ಷದ ಮೇಲೆ ಸ್ವಲ್ಪ ಆಗಿದೆ, ಅಷ್ಟೇ. 1910ರ ದಶಕದ್ದು ಅದು. ಅದಕ್ಕಿಂತ ಮೊದಲಿದ್ದದ್ದು 1813ರಲ್ಲಿ ಕಟ್ಟಿದ್ದು. ಅದಕ್ಕೂ ಮೊದಲಿನದನ್ನು 1784ರಲ್ಲಿ ಕೆಡವಿದರು. ಹಾಗಾದರೆ ಚರ್ಚಿಗೆ ಎಷ್ಟು ವರ್ಷ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಓದಿದೆ, ಕೇಳಿದೆ, ಎರಡು ಸಲ ಹೋಗಿ ನೋಡಿಕೊಂಡು ಬಂದೆ.

ಶುರು ಆಗಿದ್ದು ಯುದ್ಧದಿಂದ. 1568ರ ಜನವರಿಯಲ್ಲಿ ಪೋರ್ಚುಗೀಸರು ಮಂಗಳೂರನ್ನು ಹಿಡಿದರು. ಬಂದವರು ಗೋವಾದ ವೈಸರಾಯ್ ಅಂತಾವೊ ದ ನೊರೊನ್ಯಾ. ಕೋಟೆಗೆ ಅಡಿಗಲ್ಲು ಹಾಕಿದ್ದು ಜನವರಿ 20ರಂದು. ಅದು ಸಂತ ಸೆಬಾಸ್ಟಿಯನ್ನರ ಹಬ್ಬದ ದಿನ, ಹಾಗಾಗಿ ಕೋಟೆಗೂ ಅದೇ ಹೆಸರು. ಕೋಟೆಯ ಸಿಪಾಯಿಗಳಿಗೂ ವ್ಯಾಪಾರಿಗಳಿಗೂ ಒಂದು ಚರ್ಚು ಬೇಕಲ್ವಾ? ಜಪಮಾಲೆ ಮಾತೆಯ ಹೆಸರಿನಲ್ಲಿ ಅದೂ ಆಯಿತು. ಪೋರ್ಚುಗೀಸಿನಲ್ಲಿ ಜಪಮಾಲೆಗೆ ರೊಸಾರಿಯೊ ಅನ್ನುತ್ತಾರೆ. ಅದೇ ಹೆಸರು ನಮ್ಮ ಬಾಯಲ್ಲಿ ಇವತ್ತಿಗೂ ಉಳಿದಿದೆ.

ಅಕ್ಟೋಬರ್ 7ರಂದು ಜಗತ್ತಿನಾದ್ಯಂತ ಆಚರಿಸುವ ಜಪಮಾಲೆ ಮಾತೆಯ ಹಬ್ಬ ಶುರು ಆಗಿದ್ದು 1571ರ ಲೆಪಾಂತೊ ಕಡಲ ಯುದ್ಧದ ನೆನಪಿಗೆ. ಅಂದರೆ ಮಂಗಳೂರಿನ ಈ ಚರ್ಚಿನ ಹೆಸರು ಆ ಹಬ್ಬಕ್ಕಿಂತ ಹಳೆಯದು. ಇದನ್ನು ಲೆಕ್ಕ ಹಾಕಿ ನೋಡಿದ ದಿನ ನನಗೆ ತುಂಬ ಖುಷಿ ಆಯಿತು.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಮಂಗಳೂರಿಗೆ ಬಂದ. ಉಳ್ಳಾಲದ ರಾಣಿಯನ್ನು ಕಂಡು ಅವಳ ಬಗ್ಗೆ ಬರೆದಿಟ್ಟವನು ಇವನೇ. ಊರಿನಲ್ಲಿ ಮೂರು ಚರ್ಚುಗಳಿವೆ ಅಂತ ಅವನು ಬರೆದಿದ್ದಾನೆ. ಎರಡು ಕೋಟೆಯ ಒಳಗೆ, ಒಂದು ಹೊರಗೆ. ಒಳಗಿನ ಒಂದನ್ನು ಜನ 'ಸೆ' ಅಂತ ಕರೆಯುತ್ತಿದ್ದರು. ಪೋರ್ಚುಗೀಸರು ಊರಿನ ದೊಡ್ಡ ಚರ್ಚಿಗೆ, ಬಿಷಪರ ಪೀಠ ಇರುವ ಚರ್ಚಿಗೆ ಹೇಳುವ ಮಾತು ಅದು. ಆಗ ಮಂಗಳೂರಿನಲ್ಲಿ ಬಿಷಪರೂ ಇರಲಿಲ್ಲ, ಪೀಠವೂ ಇರಲಿಲ್ಲ. ಆದರೂ ಜನರ ಬಾಯಲ್ಲಿ ಆ ಮರ್ಯಾದೆ ಆಗಲೇ ಬಂದಿತ್ತು.

ಆ ಕಾಲದ ಚರ್ಚು ಕೋಟೆಯವರದು. ಅದನ್ನು ಊರಿನವರದಾಗಿ ಮಾಡಿದವರು ಗೋವಾದಿಂದ ಬಂದ ಕೊಂಕಣಿ ಕುಟುಂಬಗಳು. ಒಂದೇ ಸಲ ಬಂದವರಲ್ಲ. ಇನ್‌ಕ್ವಿಸಿಷನ್ ಅನ್ನುವ ಚರ್ಚಿನ ಧರ್ಮವಿಚಾರಣೆಯ ಕಾಟ, ಬರ, ಮರಾಠರ ದಾಳಿ, ಹೀಗೆ ನೂರೈವತ್ತು ಇನ್ನೂರು ವರ್ಷ ಅಲೆಅಲೆಯಾಗಿ ಬಂದರು. ಬೇಸಾಯ ಬಲ್ಲವರು ಅಂತ ಕೆಳದಿಯ ಅರಸರು ಜಾಗ ಕೊಟ್ಟು ಇರಿಸಿಕೊಂಡರು. ಪೋರ್ಚುಗೀಸರ ಕೈ ಸಡಿಲವಾಗಿ ಕೋಟೆಯ ಮಹತ್ವ ಹೋದ ಮೇಲೂ ಚರ್ಚು ಉಳಿದದ್ದು ಈ ರೈತರಿಂದ. ಗೋವಾದಲ್ಲಿ ಮನೆ ಬಿಟ್ಟು ಬಂದವರು, ಇಲ್ಲಿ ಗದ್ದೆ ಮಾಡಿದರು, ತೆಂಗು ಇಟ್ಟರು, ಮಕ್ಕಳಿಗೆ ಕೊಂಕಣಿಯಲ್ಲೇ ಪ್ರಾರ್ಥನೆ ಕಲಿಸಿದರು.

ಆಮೇಲೆ 1784 ಬಂತು.

ಈ ವಿಷಯ ಎತ್ತಿದರೆ ಇವತ್ತು ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ನನಗೆ ಅದು ಬೇಡ. ನಡೆದುಕೊಂಡು ಹೋದ ಜನರ ಬಗ್ಗೆ ಮಾತ್ರ ಹೇಳುತ್ತೇನೆ. ಎರಡನೇ ಮೈಸೂರು ಯುದ್ಧದ ಕೊನೆ. ಬ್ರಿಟಿಷರಿಗೆ ನೆರವಾದರು ಅನ್ನುವ ಆರೋಪದ ಮೇಲೆ ಟಿಪ್ಪು ಸುಲ್ತಾನ್ ಕರಾವಳಿಯ ಕ್ಯಾಥೊಲಿಕರನ್ನು ಸೆರೆಹಿಡಿಸಿದ. ಫೆಬ್ರವರಿ 24, ವಿಭೂತಿ ಬುಧವಾರ. ಹಣೆಗೆ ಬೂದಿ ಹಚ್ಚಿಸಿಕೊಂಡು ನಲವತ್ತು ದಿನದ ತಪಸ್ಸಿನ ಕಾಲ ಶುರು ಮಾಡುವ ದಿನ ಅದು. ಎಷ್ಟು ಜನ ಅನ್ನುವುದರಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ಮೂವತ್ತು ಸಾವಿರದಿಂದ ಹಿಡಿದು ಎಂಬತ್ತು ಸಾವಿರದವರೆಗೆ ಬರೆದವರಿದ್ದಾರೆ. ಘಟ್ಟ ಹತ್ತಿ ಶ್ರೀರಂಗಪಟ್ಟಣದವರೆಗೆ, ಹತ್ತಿರ ಹತ್ತಿರ 250 ಕಿಲೋಮೀಟರ್ ನಡೆಸಿಕೊಂಡು ಹೋದರು. ಮುದುಕರು, ಬಾಣಂತಿಯರು, ಕೈಗೂಸುಗಳು. ದಾರಿಯಲ್ಲೇ ಸತ್ತವರು ಎಷ್ಟೋ. ಇತ್ತ 27 ಚರ್ಚುಗಳನ್ನು ಕೆಡವಿದರು. ರೊಸಾರಿಯೊ ಅದರಲ್ಲಿ ಒಂದು. ಮೂಡುಬಿದಿರೆ ಹತ್ತಿರದ ಹೊಸ್ಪೆಟ್ಟಿನ ಚರ್ಚನ್ನು ಅಲ್ಲಿನ ಚೌಟ ಅರಸರು ಕೇಳಿಕೊಂಡು ಉಳಿಸಿದರು. ಜೈನ ಅರಸರು ಅವರು. ಹೈಸ್ಕೂಲಿನಲ್ಲಿ ಈ ಮಾತು ಕೇಳಿದಾಗ ನಮ್ಮ ಕ್ಲಾಸು ಸ್ವಲ್ಪ ಹೊತ್ತು ಸದ್ದಿಲ್ಲದೆ ಕೂತಿದ್ದು ನೆನಪಿದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರು ವಾಪಸ್ಸು ನಡೆದರು. ಹದಿನೈದು ವರ್ಷ. ಮಗುವಾಗಿ ಹೋದವರು ದೊಡ್ಡವರಾಗಿದ್ದರು. ಬಂದರೆ ಮನೆ ಇನ್ಯಾರದೋ ಕೈಯಲ್ಲಿ, ಗದ್ದೆ ಹಾಳು, ಚರ್ಚಿನ ಜಾಗದಲ್ಲಿ ಕಲ್ಲು. ನನ್ನನ್ನು ಕೇಳಿದರೆ, ಈ ಚರ್ಚಿನ ಚರಿತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡ ಇಸವಿ 1568 ಅಲ್ಲ, 1799. ರಾಜನ ಹಣ, ಸಿಪಾಯಿಗಳ ಬಲ ಇದ್ದಾಗ ಚರ್ಚು ಕಟ್ಟುವುದು ಕಷ್ಟವೇನಲ್ಲ. ಏನೂ ಇಲ್ಲದವರು ಹೊಟ್ಟೆಗೆ ಹಿಟ್ಟು ಹೊಂದಿಸಿಕೊಳ್ಳುತ್ತಾ, 1813ರ ಹೊತ್ತಿಗೆ ಅದೇ ಜಾಗದಲ್ಲಿ ಅದೇ ಹೆಸರಿನ ಚರ್ಚನ್ನು ಎದ್ದು ನಿಲ್ಲಿಸಿದರು.

ಪೋರ್ಚುಗೀಸರ ಕಾಲದ ಒಂದು ಕಲ್ಲು ಮಾತ್ರ ಉಳಿದುಕೊಂಡಿದೆ. ಪೋರ್ಚುಗಲ್ ರಾಜನ ಲಾಂಛನ ಕೆತ್ತಿದ ಕಲ್ಲು. ಆ ಲಾಂಛನದಲ್ಲಿ ಒಂದು ದೊಡ್ಡ ಗುರಾಣಿ, ಅದರೊಳಗೆ ಶಿಲುಬೆಯ ಆಕಾರದಲ್ಲಿ ಐದು ಪುಟ್ಟ ಗುರಾಣಿ, ಸುತ್ತ ಕೋಟೆಗಳು ಇರುತ್ತವೆ. ಶಾಲೆಗೆ ಹೋಗುವ ಕಾಲದಲ್ಲಿ ಅದನ್ನು ಸುಮ್ನೆ ಒಂದು ಹಳೆ ಕಲ್ಲು ಅಂತ ನೋಡಿದ್ದೆ. ಈಗ ಹಾಗೆ ನೋಡಲು ಆಗುವುದಿಲ್ಲ. ಅದನ್ನು ತಂದ ರಾಜ್ಯ ಹೋಯಿತು, ಅದರ ಕೋಟೆ ಹೋಯಿತು. ಅದು ಇದ್ದ ಚರ್ಚನ್ನು ಕೆಡವಿದವರೂ ಹೋದರು. ಊರಿಗೆ ವಾಪಸ್ಸು ಬಂದವರು ತಮ್ಮದಲ್ಲದ ರಾಜನ ಲಾಂಛನವನ್ನು ಎತ್ತಿ ಜೋಪಾನ ಮಾಡಿದರು. ತಮ್ಮ ಅಜ್ಜ ಅಜ್ಜಿ ಕಂಡಿದ್ದ ಕಲ್ಲು ಅಂತ ಮಾಡಿರಬೇಕು.

ಮುಂದಿನ ನಲವತ್ತು ಐವತ್ತು ವರ್ಷ ಒಳಜಗಳದ ಕಾಲ. ಪಾದ್ರಿಗಳನ್ನು ಕಳಿಸುವ ಹಕ್ಕು ಗೋವಾದ್ದೋ ನೇರವಾಗಿ ರೋಮಿನದೋ ಅನ್ನುವ ತಕರಾರು ಅದು. ಅದನ್ನೆಲ್ಲ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಕೊನೆಗೆ ಮಂಗಳೂರು 1845ರಲ್ಲಿ ಕೇರಳದ ವರಾಪುಳದಿಂದ ಬೇರೆ ಆಯಿತು, 1850ರ ಸುಮಾರಿಗೆ ರೊಸಾರಿಯೊ ಕ್ಯಾಥೆಡ್ರಲ್ ಆಯಿತು, 1886ರಲ್ಲಿ ಮಂಗಳೂರು ಪೂರ್ಣ ಧರ್ಮಪ್ರಾಂತ್ಯವಾಯಿತು. ಕ್ಯಾಥೆಡ್ರಲ್ ಅಂದರೆ ದೊಡ್ಡ ಚರ್ಚು ಅಂತ ಜನ ತಿಳಿಯುತ್ತಾರೆ. ದೊಡ್ಡದು ಸಣ್ಣದು ಅಂತ ಅಲ್ಲ, ಬಿಷಪರ ಪೀಠ ಎಲ್ಲಿದೆಯೋ ಅದು ಕ್ಯಾಥೆಡ್ರಲ್.

ನನಗೆ ಮುಖ್ಯ ಅನ್ನಿಸುವುದು ಇದೇ ಕಾಲದಲ್ಲಿ ಆದ ಇನ್ನೊಂದು ಕೆಲಸ. 19ನೇ ಶತಮಾನದ ನಡುವಿನಲ್ಲಿ, ಕಾರ್ಮೆಲ್ ಸಭೆಯ ಪಾದ್ರಿಗಳ ಕಾಲದಲ್ಲಿ, ಚರ್ಚಿನ ಪಕ್ಕದಲ್ಲಿ ಶಾಲೆ ಬಂತು. ಇದು ತನ್ನಷ್ಟಕ್ಕೆ ಆದದ್ದಲ್ಲ. ಬಾಸೆಲ್ ಮಿಷನ್ನಿನವರು 1834ರಲ್ಲೇ ಮಂಗಳೂರಿಗೆ ಬಂದು ಶಾಲೆ, ಅಚ್ಚುಕೂಟ ಎಲ್ಲ ಶುರು ಮಾಡಿದ್ದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಅವರ ಕೈಯಿಂದಲೇ ಬಂತು. ಅವರು ಪ್ರಾಟೆಸ್ಟೆಂಟರು. ನಮ್ಮ ಮಕ್ಕಳೂ ಓದಬೇಕು, ಆದರೆ ನಮ್ಮ ಶಾಲೆಯಲ್ಲೇ ಓದಬೇಕು ಅಂತ ಕ್ಯಾಥೊಲಿಕ್ ಮನೆಗಳ ಒತ್ತಾಯ. ಕಚೇರಿ ಕೆಲಸ ಸಿಗಬೇಕಾದರೆ ಇಂಗ್ಲಿಷ್ ಬೇಕಿತ್ತು. ಊರಿನ ವ್ಯವಹಾರಕ್ಕೆ ಕನ್ನಡ ಬೇಕಿತ್ತು. ಮನೆಯಲ್ಲಿ ಇದ್ದದ್ದು ಕೊಂಕಣಿ.

ಹೆಣ್ಣುಮಕ್ಕಳ ಶಾಲೆಯ ಕಥೆ ಇನ್ನೂ ದೊಡ್ಡದು, ಅದನ್ನು ಹೇಳದೆ ಮುಂದೆ ಹೋಗಲಾರೆ. ಸೋಫಿ ಲೀವ್ಸ್ ಅಂತ ಒಬ್ಬ ಹೆಂಗಸು. ಇಂಗ್ಲಿಷ್ ಪಾದ್ರಿಯೊಬ್ಬರ ಮಗಳು, ಹುಟ್ಟಿದ್ದು 1823ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ. ಕ್ಯಾಥೊಲಿಕ್ ಆಗಿ, ಸಿಸ್ಟರ್ ಆಗಿ, 1860ರ ದಶಕದಲ್ಲಿ ಕಲ್ಲಿಕೋಟೆಯವರೆಗೆ ಬಂದು ಹೋದರು. ನಮ್ಮ ಕರಾವಳಿಯ ಹೆಣ್ಣುಮಕ್ಕಳಿಗೆ ಕಲಿಸಲು ಒಂದು ಸಿಸ್ಟರುಗಳ ಸಭೆಯೇ ಬೇಕು ಅಂತ ಹಟ ಹಿಡಿದವರು ಮರಿ ಎಫ್ರೆಮ್ ಗರೆಲೊನ್ ಅನ್ನುವ ಕಾರ್ಮೆಲೈಟ್ ಪಾದ್ರಿ, ಮುಂದೆ ಮಂಗಳೂರಿನ ಬಿಷಪ್. 1868ರಲ್ಲಿ ಫ್ರಾನ್ಸಿನ ಬಯೋನ್ ಊರಿನಲ್ಲಿ ಸೋಫಿ, ಆಗ ಅವರ ಹೆಸರು ಮದರ್ ವೆರೋನಿಕಾ, ಅಪೊಸ್ತೊಲಿಕ್ ಕಾರ್ಮೆಲ್ ಸಭೆ ಕಟ್ಟಿದರು. ಅವರು ತರಬೇತಿ ಕೊಟ್ಟ ಮೂವರು ಸಿಸ್ಟರುಗಳು 1870ರ ನವೆಂಬರ್ 19ರಂದು ಮಂಗಳೂರಿನಲ್ಲಿ ಇಳಿದರು. ಬರೀ ಮೂವರು. ಅವರಿಂದ ಸೇಂಟ್ ಆನ್ಸ್ ಶಾಲೆ ಬೆಳೆಯಿತು. 1921ರಲ್ಲಿ ಅದೇ ಸಭೆಯವರು ಹೆಣ್ಣುಮಕ್ಕಳಿಗಾಗಿ ಸೇಂಟ್ ಆಗ್ನೆಸ್ ಕಾಲೇಜು ಶುರು ಮಾಡಿದರು.

ಆ ಮೂವರು ಬಂದ 1870ರಲ್ಲೇ ಫ್ರಾನ್ಸಿನ ಪೋ ಅನ್ನುವ ಊರಿನ ಮಠದಿಂದ ಇನ್ನೊಂದು ಗುಂಪೂ ಮಂಗಳೂರಿಗೆ ಬಂತು. ಇವರು ಪಾಠ ಮಾಡುವವರಲ್ಲ, ಮಠದೊಳಗೇ ಇದ್ದು ಪ್ರಾರ್ಥನೆ ಮಾಡುವ ಸಿಸ್ಟರುಗಳು. ಬರುವ ದಾರಿಯಲ್ಲೇ ಮೂವರು ತೀರಿಕೊಂಡರು. ಉಳಿದವರಲ್ಲಿ ಒಬ್ಬಳು ಗಲಿಲಾಯದ ಹುಡುಗಿ, ಮರಿಯಂ ಬವಾರ್ದಿ, ಇಪ್ಪತ್ತನಾಲ್ಕು ವರ್ಷ. ಸಣ್ಣವಳಿರುವಾಗಲೇ ಅಪ್ಪ ಅಮ್ಮನನ್ನು ಕಳಕೊಂಡವಳು. ಓದು ಬರಹ ಸರಿಯಾಗಿ ಬರುತ್ತಿರಲಿಲ್ಲ. 1871ರ ನವೆಂಬರ್ 21ರಂದು ಅವಳು ವ್ರತ ತೆಗೆದುಕೊಂಡದ್ದು ನಮ್ಮ ಮಂಗಳೂರಿನಲ್ಲಿ. ಮುಂದಿನ ವರ್ಷ ಫ್ರಾನ್ಸಿಗೆ ವಾಪಸ್ಸಾದಳು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವಳನ್ನು ಸಂತಳೆಂದು ಸಾರಿದರು. ಆ ಸುದ್ದಿ ಪೇಪರಿನಲ್ಲಿ ಓದಿದಾಗ ನಾನು ಯೋಚಿಸಿದ್ದು ಒಂದೇ. ಒಂದೇ ಕಡಲು ದಾಟಿ, ಒಂದೇ ಊರಿಗೆ, ಒಂದೇ ವರ್ಷ, ಕಲಿಸಲು ಬಂದವರೂ ಇದ್ದರು, ಅಕ್ಷರ ಬಾರದ ಈ ಹುಡುಗಿಯೂ ಇದ್ದಳು. ಇಬ್ಬರನ್ನೂ ಊರು ಇಟ್ಟುಕೊಂಡಿತು.

1878ರ ಡಿಸೆಂಬರ್ 31ಕ್ಕೆ ಇಟಲಿಯ ಯೇಸುಸಭೆಯವರು, ಅಂದರೆ ಜೆಸ್ವಿಟ್ ಪಾದ್ರಿಗಳು ಬಂದರು. 1880ರಲ್ಲಿ ಬಾವುಟಗುಡ್ಡೆಯ ಸೇಂಟ್ ಅಲೋಶಿಯಸ್ ಕಾಲೇಜು. ಅದರ ಬಗ್ಗೆ ಬರೆದವರು ಬೇಕಾದಷ್ಟು ಇದ್ದಾರೆ. ನನ್ನ ದೀಪ ಬಂದದ್ದು ಈ ಯೇಸುಸಭೆಯವರ ಕಾಲದಲ್ಲೇ. 1910ರ ದಶಕದಲ್ಲಿ ಹಳೆಯ ಚರ್ಚು ತೆಗೆದು ಈಗಿನದನ್ನು ಕಟ್ಟಿದರು. ಮಂಗಳೂರು ಸೀಮೆಯ ಬೇರೆ ಚರ್ಚುಗಳಿಗೆ ಮುಂದೆ ಗೋಪುರ ಇರುತ್ತದೆ. ಇದಕ್ಕೆ ರೋಮಿನ ಸಂತ ಪೇತ್ರರ ದೇವಾಲಯದ ಹಾಗೆ ಗುಮ್ಮಟ ಏರಿಸಿದರು. ಅದರ ತುದಿಗೆ ಶಿಲುಬೆ, ಶಿಲುಬೆಗೆ ದೀಪ. ಆಗ ಮಂಗಳೂರಿನ ಬಂದರು ಅಂದರೆ ಈ ಹಳೆ ಬಂದರೇ, ಪಣಂಬೂರಿನ ನವಬಂದರು ಬಂದದ್ದು 1970ರ ದಶಕದಲ್ಲಿ. ಹಾಯಿದೋಣಿ, ಮಚ್ವೆ, ಮೀನಿನ ದೋಣಿ ಎಲ್ಲ ಇದೇ ಅಳಿವೆಯಲ್ಲಿ ಒಳಗೆ ಬರಬೇಕು. ಅವರಲ್ಲಿ ಚರ್ಚಿಗೆ ಹೋಗುವವರು ಕಡಿಮೆ. ದೀಪ ಎಲ್ಲರಿಗೂ ಕಾಣುತ್ತಿತ್ತು.

ಈಗ ಶಾಲೆಯ ಒಳಗೆ ಬರುತ್ತೇನೆ. ನಮ್ಮ ಬೆಂಚಿನಲ್ಲಿ ಮೂರು ಜನ. ನಾನು ಮೊಗವೀರರ ಮನೆ, ಮನೆಮಾತು ತುಳು. ನಡುವೆ ಕೂರುತ್ತಿದ್ದವನು ಕೊಂಕಣಿ, ಚರ್ಚಿನ ಹಿಂದಿನ ಓಣಿಯವನು. ಆಚೆ ತುದಿಯವನು ಬ್ಯಾರಿ, ಬಂದರಿನಲ್ಲಿ ಅವನ ಅಪ್ಪನದು ಹಗ್ಗದ ಅಂಗಡಿ. ಮೂವರಿಗೂ ಕನ್ನಡ ಮನೆಯ ಭಾಷೆ ಅಲ್ಲ. ಶಾಲೆಯಲ್ಲಿ ಕಲಿತದ್ದು. ಒಂದು ದಿನ ಗಾಳಿಮಳೆಗೆ ಮೈದಾನದ ಅಂಚಿನಲ್ಲಿ ಮರ ಬಿತ್ತು. ನಡುವಿನವನು ಓಡಿ ಬಂದು "ಮರ ಬಿದ್ದ, ಮರ ಬಿದ್ದ!" ಅಂದ. ಕೊಂಕಣಿಯಲ್ಲಿ ಮರ ಗಂಡು, 'ರುಕ್ ಪಡ್ಲೊ' ಅನ್ನುತ್ತಾರೆ. ನನ್ನ ತಲೆಯಲ್ಲಿ ಅದು 'ಮರ ಬೂರ್ಂಡ್'. ಕನ್ನಡ ಮಾಷ್ಟ್ರು ಅವನನ್ನು ಬೈಯಲಿಲ್ಲ. ಬೋರ್ಡಿನ ಮೇಲೆ ತುಳು, ಕೊಂಕಣಿ, ಬ್ಯಾರಿ ಮೂರನ್ನೂ ನಮ್ಮ ಕೈಯಿಂದಲೇ ಕನ್ನಡ ಅಕ್ಷರದಲ್ಲಿ ಬರೆಸಿದರು. ಕೆಳಗೆ ತಾವು 'ಮರ ಬಿತ್ತು' ಅಂತ ಬರೆದರು. "ಬಿದ್ದದ್ದು ಒಂದೇ ಮರ. ಪರೀಕ್ಷೆಯಲ್ಲಿ ಇದನ್ನು ಬರೀರಿ, ಮನೆಯಲ್ಲಿ ಅದನ್ನು ಮಾತಾಡಿ" ಅಂದರು. ಇವತ್ತು ನಾನು ಇದನ್ನೆಲ್ಲ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಂದರೆ ಅದು ಆ ಬೋರ್ಡಿನ ದಯೆ.

ಮಧ್ಯಾಹ್ನ ಹನ್ನೆರಡಕ್ಕೆ ಚರ್ಚಿನ ಗಂಟೆ ಆಗುತ್ತಿತ್ತು. ಗಂಟೆ ಕೇಳಿದ ಕೂಡಲೇ ಕ್ಯಾಥೊಲಿಕ್ ಮಕ್ಕಳು ಎದ್ದು ನಿಲ್ಲುತ್ತಿದ್ದರು, ಅವರ ಜೊತೆ ನಾವೂ ಎದ್ದು ನಿಲ್ಲುತ್ತಿದ್ದೆವು. ಅವರು ಪ್ರಾರ್ಥನೆ ಹೇಳುವಷ್ಟು ಹೊತ್ತು ಪಾಠ ನಿಲ್ಲುತ್ತಿತ್ತು. ನಮ್ಮ ಮಾಷ್ಟ್ರು ಕ್ಯಾಥೊಲಿಕರಲ್ಲ, ಹಣೆಯಲ್ಲಿ ಗಂಧ ಇರುತ್ತಿತ್ತು. ಅವರು ಸೀಮೆಸುಣ್ಣ ಬೋರ್ಡಿನ ಮೇಲೇ ಇಟ್ಟುಕೊಂಡು ನಿಲ್ಲುತ್ತಿದ್ದರು. ಒಂದು ಸಲ 'ಕಡಲು' ಬರೆಯುತ್ತಿದ್ದರು. 'ಕಡ' ಆಗಿತ್ತು, 'ಲು' ಶುರು ಮಾಡುವಷ್ಟರಲ್ಲಿ ಗಂಟೆ. ಅವರ ಕೈ ಅಲ್ಲೇ ನಿಂತಿತು. ಬೆರಳಿನಿಂದ ಸ್ವಲ್ಪ ಸುಣ್ಣದ ಪುಡಿ ಉದುರಿ ಕಪ್ಪು ಅಂಗಿಯ ತೋಳಿನ ಮೇಲೆ ಬಿತ್ತು. ಹಂಚಿನ ಸಂದಿಯಿಂದ ಬಂದ ಬಿಸಿಲುಕೋಲಿನಲ್ಲಿ ಆ ಪುಡಿ ನಿಧಾನಕ್ಕೆ ಆಡುತ್ತಿತ್ತು. ಪ್ರಾರ್ಥನೆ ಮುಗಿಯಿತು, ಶಿಲುಬೆ ಗುರುತು ಹಾಕಿಕೊಂಡು ಅವರೆಲ್ಲ ಕೂತರು. ಮಾಷ್ಟ್ರು 'ಲು' ಬರೆದರು. ಅಷ್ಟೇ ಆದದ್ದು. ನಲವತ್ತು ವರ್ಷ ಆದರೂ ಆ ಅರ್ಧ ನಿಂತ ಪದ ನನ್ನ ಕಣ್ಣ ಮುಂದೆ ಇದೆ.

ಕ್ಯಾಥೊಲಿಕ್ ಮಕ್ಕಳಿಗೆ ಧರ್ಮೋಪದೇಶದ ಕ್ಲಾಸು ಇದ್ದಾಗ ನಮಗೆ ನೀತಿ ಪಾಠ. ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್. ಮಾತೆ ಮರಿಯಮ್ಮನ ಹುಟ್ಟುಹಬ್ಬ, ಜೊತೆಗೆ ಹೊಸ ಭತ್ತದ ಹಬ್ಬ. ಅದಕ್ಕೂ ಮುಂಚೆ ಒಂಬತ್ತು ದಿನ ಮಕ್ಕಳು ತಟ್ಟೆಯಲ್ಲಿ ಹೂ ಹಿಡಿದುಕೊಂಡು ಚರ್ಚಿಗೆ ಹೋಗುತ್ತಾರೆ. ಹಬ್ಬದ ದಿನ ಆಶೀರ್ವಾದ ಮಾಡಿದ ತೆನೆ ಮನೆಮನೆಗೆ, ಮಕ್ಕಳ ಕೈಗೆ ಕಬ್ಬು. ನಮ್ಮ ಕಡೆಯೂ ತೆನೆ ಹಬ್ಬ ಇದೆ, ತುಳುವಿನಲ್ಲಿ ಕುರಲ್ ಪರ್ಬ. ನನ್ನ ಬೆಂಚಿನವನು ಮಾರನೆಯ ದಿನ ತೆನೆಯ ಎರಡು ಕಾಳು ಕಾಗದದಲ್ಲಿ ಸುತ್ತಿ ತಂದುಕೊಟ್ಟ. ಅಮ್ಮ ಅದನ್ನು ಬೇಡ ಅನ್ನಲಿಲ್ಲ. ನಮ್ಮ ತೆನೆ ಕಟ್ಟಿದ ಕಂಬದ ಬುಡದಲ್ಲೇ ಇಟ್ಟರು. ಕ್ರಿಸ್ಮಸ್ಸಿಗೆ ಅವರ ಮನೆಯಿಂದ ಕುಸ್ವಾರ್ ಅನ್ನುವ ಹಬ್ಬದ ತಿಂಡಿ ಬರುತ್ತಿತ್ತು, ನೆವ್ರಿ, ಕಿಡಿಯೋ ಎಲ್ಲ. ಆ ಡಬ್ಬಿಯನ್ನು ಅಮ್ಮ ಖಾಲಿ ವಾಪಸ್ಸು ಕಳಿಸುತ್ತಿರಲಿಲ್ಲ. ಒಣಸಿಗಡಿ ತುಂಬಿ ಕಳಿಸುತ್ತಿದ್ದರು.

ಆ ಮನೆಯ ಅಜ್ಜಿಯನ್ನು ಎರಡು ಮೂರು ಸಲ ಕಂಡಿದ್ದೇನೆ. ಸಂಜೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಮುಗಿದ ಮೇಲೆ ಮನೆಯ ಮಕ್ಕಳೆಲ್ಲ ದೊಡ್ಡವರ ಮುಂದೆ ಕೈಮುಗಿದು ಆಶೀರ್ವಾದ ಕೇಳುವ ರೂಢಿ ಅವರಲ್ಲಿ. ನಾನು ಸುಮ್ನೆ ಬಾಗಿಲಲ್ಲಿ ನಿಂತಿದ್ದೆ. ಅಜ್ಜಿ ನನ್ನನ್ನೂ ಕರೆದು ತಲೆ ಮೇಲೆ ಕೈ ಇಟ್ಟರು. ಅವರ ಕುಟುಂಬದಲ್ಲಿ ಒಂದು ಮಾತು ನಡೆದುಬಂದಿತ್ತು. ಶ್ರೀರಂಗಪಟ್ಟಣದಿಂದ ವಾಪಸ್ಸು ಬಂದವರಲ್ಲಿ ಅವರ ಪೂರ್ವಜ ಒಬ್ಬಳು ಹುಡುಗಿ, ಜೊತೆಗೆ ಯಾರೂ ಇರಲಿಲ್ಲ, ಊರಿನ ಹೆಸರು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ ಅಂತ. ನಿಜವೋ ಕಥೆಯೋ, ಅಜ್ಜಿ ಅದನ್ನು ಹೇಳುವಾಗ ದನಿ ಇಳಿಸುತ್ತಿದ್ದರು. ಆ ಹುಡುಗಿ ಪಕ್ಕ ಕೋಣೆಯಲ್ಲಿ ಮಲಗಿದ್ದಾಳೇನೋ ಅನ್ನುವ ಹಾಗೆ.

ಅಣ್ಣನ ಮಗಳಿಗೆ ಮತ್ತೆ ಫೋನ್ ಮಾಡಿದೆ. ಮೂರು ಇಸವಿಯನ್ನೂ ಬರಿ, 1799 ಕೂಡ ಸೇರಿಸು ಅಂದೆ. "ಅಷ್ಟೆಲ್ಲ ಬರೆದರೆ ಉತ್ತರ ಯಾವುದು ಅಂತ ಟೀಚರ್ ಕೇಳ್ತಾರೆ" ಅಂದಳು. ಎಲ್ಲವೂ ಉತ್ತರವೇ ಅಂದೆ. ಅವಳಿಗೆ ಒಪ್ಪಿಗೆ ಆಯಿತೋ ಇಲ್ಲವೋ, ಬರೆದುಕೊಂಡಳು.

ಆ ಬೆಂಚಿನ ಗೆಳೆಯನ ಮಗಳ ಮದುವೆ ಕಳೆದ ಜನವರಿಯಲ್ಲಿ ಅದೇ ಚರ್ಚಿನಲ್ಲಿ ಆಯಿತು. ಅವನೇ ಬೆಂಗ್ರೆಗೆ ಬಂದು ಅಪ್ಪನನ್ನು ಕರೆದ. "ಮಾಮಾ, ನೀವು ಬರಲೇಬೇಕು" ಅಂದ. ಅಪ್ಪನಿಗೆ ಈಗ ಎಂಬತ್ತನಾಲ್ಕು. ಕಡಲಿಗೆ ಹೋಗದೆ ಇಪ್ಪತ್ತು ವರ್ಷ ಆಯಿತು. ಬಿಳಿ ಪಂಚೆ ಉಟ್ಟು, ನನ್ನ ಕೈ ಹಿಡಿದು ಫೆರಿ ಇಳಿದರು. ಚರ್ಚಿನ ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟರು. ಬಿಡಬೇಕಾಗಿಲ್ಲ ಅಪ್ಪ ಅಂದೆ. ಕೇಳಲಿಲ್ಲ.

ಒಳಗೆ ಹಿಂದಿನ ಬೆಂಚಿನಲ್ಲಿ ಕೂತೆವು. ಪೂಜೆ ಕೊಂಕಣಿಯಲ್ಲಿ ನಡೆಯುತ್ತಿತ್ತು, ಅಪ್ಪನಿಗೆ ಅದು ಅಷ್ಟು ಅರ್ಥವಾಗುವುದಿಲ್ಲ. ಜನ ಎದ್ದಾಗ ಎದ್ದರು, ಕೂತಾಗ ಕೂತರು. ಎಲ್ಲ ಮುಗಿದು ಜನ ಫೋಟೊಗೆ ಹೊರಗೆ ಹೋದ ಮೇಲೆ ಅಪ್ಪ ನಿಧಾನಕ್ಕೆ ಮುಂದೆ ನಡೆದರು. ಗುಮ್ಮಟದ ಕೆಳಗೆ ಬಂದು ನಿಂತು ಕತ್ತು ಎತ್ತಿದರು. ಮೇಲಿನ ಕಿಟಕಿಗಳಿಂದ ಬೆಳಕು ಸುತ್ತ ಇಳಿಯುತ್ತಿತ್ತು. ಒಂದು ಕೈ ನನ್ನ ಭುಜದ ಮೇಲೆ, ಇನ್ನೊಂದು ಕೈ ಹುಬ್ಬಿನ ಮೇಲೆ ಅಡ್ಡ. ದೋಣಿಯ ಮೂತಿಯಲ್ಲಿ ನಿಂತು ದಡ ಹುಡುಕುವಾಗ ಹಾಗೇ ಕೈ ಇಟ್ಟುಕೊಳ್ಳುತ್ತಿದ್ದರು.

ತುಂಬ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ತುಡರ್ ಓಲುಂಡು?" ಅಂದರು. ದೀಪ ಎಲ್ಲಿದೆ ಅಂತ.

ಅದು ಹೊರಗೆ, ಇದರ ಮೇಲೆ ಅಪ್ಪ, ಇಲ್ಲಿಂದ ಕಾಣುವುದಿಲ್ಲ ಅಂದೆ.

ಅಪ್ಪ ತಲೆಯಾಡಿಸಿದರು. ಸಂಜೆ ಫೆರಿಯಲ್ಲಿ ವಾಪಸ್ಸು ಬರುವಾಗ ಹೊಳೆಯ ನಡುವೆ ಬಂದ ಕೂಡಲೇ ಹಿಂದೆ ತಿರುಗಿ ಕೂತರು. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ದೀಪ ಹತ್ತಿಕೊಂಡಿತ್ತು.